ಚೀಲದ ಡಾಂಬರಿನಿಂದ ಮನೆಮುಂದಿನ ದಾರಿಯ ಅಗಲೀಕರಣ: ಕೋಲ್ಡ್ ಮಿಕ್ಸ್ ಬಳಸಿದವನ ವಿಮರ್ಶೆ

ನಮ್ಮ ಮನೆಮುಂದಿನ ಡಾಂಬರು ದಾರಿ ಒಂದು ಕಾರಿಗೆ ಸಾಕಾಗುವಷ್ಟೇ ಅಗಲವಿತ್ತು. ಕಾರಿನಿಂದ ಇಳಿದವರ ಕಾಲು ನೇರವಾಗಿ ಮಣ್ಣಿಗೆ ಬೀಳುತ್ತಿತ್ತು. ಚಕ್ರ ಪದೇ ಪದೇ ಅಂಚು ದಾಟಿ ಇಳಿಯುತ್ತಿದ್ದುದರಿಂದ ಹಳೆಯ ಡಾಂಬರಿನ ಅಂಚು ರೊಟ್ಟಿಯ ಅಂಚಿನಂತೆ ಮುರಿದು ಉದುರುತ್ತಿತ್ತು. 9 ಮೀಟರ್ ಉದ್ದಕ್ಕೆ 60 ಸೆಂ.ಮೀ. ಅಗಲದ ಒಂದು ಪಟ್ಟಿಯನ್ನು ಸೇರಿಸಿದರೆ ಎರಡೂ ತೊಂದರೆಗಳು ತೀರುತ್ತವೆ ಎಂದು ತೀರ್ಮಾನಿಸಿ, ಚೀಲಗಳಲ್ಲಿ ಸಿಗುವ ಕೋಲ್ಡ್ ಮಿಕ್ಸ್ ಡಾಂಬರನ್ನು ತಂದು ಆ ಕೆಲಸವನ್ನು ನಾನೇ ಮಾಡಿದೆ. ಬಿರುಬಿಸಿಲಿನ ತಿಂಗಳುಗಳನ್ನೂ ಮಳೆಯ ತಿಂಗಳುಗಳನ್ನೂ ಆ ಪಟ್ಟಿ ಕಂಡ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಮೊದಲಿಗೆ, ಈ ವಸ್ತುವಿನ ಸ್ವಭಾವವನ್ನು ತಿಳಿದುಕೊಳ್ಳಬೇಕು. ರಸ್ತೆಗೆ ಹಾಕುವ ಹಾಟ್ ಮಿಕ್ಸ್ ಸುಮಾರು 135 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಬಿಸಿಯಲ್ಲಿ ಬರುತ್ತದೆ ಮತ್ತು ಅದು 80 ಡಿಗ್ರಿಯ ಆಸುಪಾಸಿಗೆ ಇಳಿಯುವುದರೊಳಗೆ ರೋಲರ್ ಓಡಿಸಿ ಮುಗಿಸಬೇಕಾಗುತ್ತದೆ. ಸಲಿಕೆ ಹಿಡಿದ ಒಬ್ಬಿಬ್ಬರಿಂದ ಆಗುವ ಕೆಲಸವಲ್ಲ ಅದು. ಕೋಲ್ಡ್ ಮಿಕ್ಸ್‌ನಲ್ಲಿ ಜಲ್ಲಿಯನ್ನು ಹಿಡಿದಿಡುವ ಕಪ್ಪು ಅಂಟಾದ ಬಿಟುಮೆನ್ ಅನ್ನು ಬಿಸಿಯಿಂದಲ್ಲ, ಪೆಟ್ರೋಲಿಯಂ ದ್ರಾವಕದಿಂದ ಅಥವಾ ನೀರಿನಲ್ಲಿ ಹನಿಹನಿಯಾಗಿ ಬೆರೆಸುವ ಎಮಲ್ಷನ್‌ನಿಂದ ತೆಳುವಾಗಿಸಿ ಸಣ್ಣ ಜಲ್ಲಿಗೆ ಲೇಪಿಸಿರುತ್ತಾರೆ. ನಾನು ತಂದದ್ದು ದ್ರಾವಕದ ಬಗೆಯದು. ಆ ದ್ರಾವಕ ಆವಿಯಾಗಿ ಹೋದಂತೆಲ್ಲ ಮಿಶ್ರಣ ಗಟ್ಟಿಯಾಗುತ್ತದೆ. ಆವಿಯಾಗುವುದು ಮೇಲ್ಮೈಯಿಂದ ಶುರುವಾಗುವುದರಿಂದ, ಮೇಲೆ ಮುಟ್ಟಿದರೆ ಗಟ್ಟಿ ಎನಿಸಿದಾಗಲೂ ಒಳಗೆ ಮೆತ್ತಗೇ ಇರುತ್ತದೆ. ಈ ವಸ್ತುವಿನ ಅನುಕೂಲಗಳೂ ಕೊರತೆಗಳೂ ಈ ಒಂದು ಗುಣದಿಂದಲೇ ಹುಟ್ಟಿದವು.

ಚೀಲದ ಮೇಲಿನ ಲೆಕ್ಕದ ಬಗ್ಗೆ ನನ್ನ ಆಕ್ಷೇಪವಿದೆ. ಒಂದು ಚೀಲ ಎಷ್ಟು ಜಾಗಕ್ಕೆ ಸಾಕು ಎಂಬುದನ್ನು ದೊಡ್ಡ ಅಕ್ಷರದಲ್ಲಿಯೂ, ಅದು 25 ಮಿ.ಮೀ. ದಪ್ಪಕ್ಕೆ ಮಾತ್ರ ಎಂಬುದನ್ನು ಕೆಳಗೆ ಸಣ್ಣ ಅಕ್ಷರದಲ್ಲಿಯೂ ಮುದ್ರಿಸಿದ್ದರು. ಗುಂಡಿ ಮುಚ್ಚುವವರಿಗೆ ಅದು ಸಾಕಾಗಬಹುದು. ಕಾರು ಹತ್ತುವ ಪಟ್ಟಿಗೆ ದಮ್ಮಸು ಮಾಡಿದ ಮೇಲೆ ಕನಿಷ್ಠ 50 ಮಿ.ಮೀ. ಉಳಿಯಬೇಕು. ನನ್ನ 5.4 ಚದರ ಮೀಟರ್ ಜಾಗವನ್ನು ಆ ದಪ್ಪಕ್ಕೆ ತುಂಬಲು 0.27 ಘನ ಮೀಟರ್, ಅಂದರೆ ಘನ ಮೀಟರಿಗೆ 2,200 ಕಿಲೋದಂತೆ ಸುಮಾರು 594 ಕಿಲೋ ಮಿಶ್ರಣ ಬೇಕು. ಇಪ್ಪತ್ತೈದು ಕಿಲೋದ ಚೀಲಗಳಲ್ಲಿ ಅದು 24 ಆಗುತ್ತದೆ. ಚೀಲದ ಮೇಲಿನ ದೊಡ್ಡ ಅಕ್ಷರವನ್ನು ನಂಬಿದ್ದರಿಂದ ಅದರ ಅರ್ಧದಷ್ಟನ್ನೇ ತಂದು, ಕೆಲಸದ ನಡುವೆ ಮತ್ತೆ ಹೋಗಬೇಕಾಯಿತು. ಕೊಳ್ಳುವವರು ಘನ ಅಳತೆಯಿಂದಲೇ ಲೆಕ್ಕ ಹಾಕುವುದು ಒಳ್ಳೆಯದು.

ಆದರೆ ಪಟ್ಟಿ ಉಳಿಯುವುದೋ ಕುಸಿಯುವುದೋ ಎಂಬುದು ಚೀಲ ಬಿಚ್ಚುವ ಮೊದಲೇ ನಿರ್ಧಾರವಾಗಿರುತ್ತದೆ. ಡಾಂಬರು ಬಾಗುವ ವಸ್ತು; ಕೆಳಗಿನ ನೆಲ ಎಷ್ಟು ಇಳಿಯುತ್ತದೆಯೋ ಅಷ್ಟೇ ಅದೂ ಇಳಿಯುತ್ತದೆ. ಆದ್ದರಿಂದ, ನೆಲದಡಿಯ ನೀರಿನ ಪೈಪು ಮತ್ತು ಕೇಬಲ್‌ಗಳು ಎಲ್ಲಿವೆ ಎಂದು ಖಚಿತಪಡಿಸಿಕೊಂಡು, ಬೇರು ಮತ್ತು ಕಪ್ಪು ಮೆತ್ತನೆಯ ಮೇಲ್ಮಣ್ಣು ಪೂರ್ತಿ ಹೋಗುವವರೆಗೆ ಅಗೆದೆ. ಅದು 20 ಸೆಂ.ಮೀ. ಆಳದ ಕೆಲಸ, ಇಡೀ ಯೋಜನೆಯಲ್ಲಿ ಮೈಮುರಿಯುವ ಭಾಗ. ಡಾಂಬರು ಬರಲಿರುವ ಗಡಿಗಿಂತ 15 ಸೆಂ.ಮೀ. ಹೊರಗೂ ಅಗೆದಿದ್ದೆ, ಜಲ್ಲಿ ಹಾಸು ಅಂಚಿನಾಚೆಗೂ ಚಾಚಿದ್ದರೆ ಮಾತ್ರ ಚಕ್ರದ ಭಾರ ಅಂಚನ್ನು ಮುರಿಯದೆ ಕೆಳಗೆ ಹರಡಿ ಹೋಗುತ್ತದೆ. ಅಗೆದ 20 ಸೆಂ.ಮೀ. ಆಳದಲ್ಲಿ 15 ಸೆಂ.ಮೀ. ಜಲ್ಲಿಯನ್ನು ಎರಡು ಪದರಗಳಲ್ಲಿ ಹಾಕಿ, ಪ್ರತಿ ಪದರಕ್ಕೂ ನೀರು ಚಿಮುಕಿಸಿ, ನೆಲವನ್ನು ಬಡಿದು ಗಟ್ಟಿ ಮಾಡುವ ಪ್ಲೇಟ್ ಕಾಂಪ್ಯಾಕ್ಟರ್ ಯಂತ್ರವನ್ನು ಬಾಡಿಗೆಗೆ ತಂದು ಓಡಿಸಿದೆ. ಜಲ್ಲಿ ಒಡೆದ, ಮೂಲೆಗಳುಳ್ಳ ಕಲ್ಲಾಗಿರಬೇಕು ಮತ್ತು ಅದರೊಂದಿಗೆ ಕಲ್ಲುಪುಡಿಯೂ ಬೆರೆತಿರಬೇಕು; ನುಣುಪಾದ ಹೊಳೆಗಲ್ಲು ಎಷ್ಟು ಬಡಿದರೂ ಒಂದಕ್ಕೊಂದು ಕಚ್ಚಿಕೊಳ್ಳುವುದಿಲ್ಲ. ನೀರು ಮನೆಯ ಗೋಡೆಯತ್ತ ಬಾರದಿರಲು ಪ್ರತಿ ಮೀಟರಿಗೆ 2 ಸೆಂ.ಮೀ. ಇಳಿಜಾರನ್ನು ದಾರ ಕಟ್ಟಿ, ರಸಮಟ್ಟ ಇಟ್ಟು ಈ ಹಂತದಲ್ಲಿಯೇ ಸರಿಪಡಿಸಿಕೊಂಡೆ. ಮೇಲಿನ ಡಾಂಬರಿನಿಂದ ಇಳಿಜಾರನ್ನು ತಿದ್ದುತ್ತೇನೆ ಎಂದುಕೊಂಡರೆ ಒಂದೆಡೆ ದಪ್ಪ, ಇನ್ನೊಂದೆಡೆ ತೆಳು ಆಗುತ್ತದೆ.

ಹಳೆಯದೂ ಹೊಸದೂ ಕೂಡುವ ಜಾಗಕ್ಕೆ ನಾನು ಒಂದು ಇಡೀ ದಿನವನ್ನು ಕೊಟ್ಟೆ. ಉದುರುತ್ತಿದ್ದ ಅಂಚಿನಿಂದ 10 ಸೆಂ.ಮೀ. ಒಳಕ್ಕೆ ಸುಣ್ಣದ ಗೆರೆ ಎಳೆದು, ನೀರು ಹಾಯಿಸುತ್ತಾ ಕಟಿಂಗ್ ಮಷಿನ್‌ನಿಂದ ನೇರವಾಗಿ ಕತ್ತರಿಸಿದೆ. ಒಣದಾಗಿ ಕತ್ತರಿಸಿದರೆ ಏಳುವ ಕಲ್ಲಿನ ಧೂಳು ಶ್ವಾಸಕೋಶಕ್ಕೆ ಹಾನಿಕರವಾದುದರಿಂದ ನೀರಿನ ಜೊತೆಗೆ ಮಾಸ್ಕ್ ಕೂಡ ಬೇಕೇ ಬೇಕು. ಕತ್ತರಿಸಿದ ಮುಖವನ್ನು ತೊಳೆದು, ಒಣಗಿಸಿ, ಹಳೆಯದಕ್ಕೆ ಹೊಸದು ಅಂಟಿಕೊಳ್ಳಲು ಬಳಿಯುವ ಟ್ಯಾಕ್ ಕೋಟ್ ಎಮಲ್ಷನ್ ಅನ್ನು ಬ್ರಷ್‌ನಿಂದ ತೆಳುವಾಗಿ ಬಳಿದೆ. ಬಳಿದಾಗ ಕಂದು ಬಣ್ಣದಲ್ಲಿರುವ ಅದು ನೀರು ಬಿಟ್ಟ ಮೇಲೆ ಕಪ್ಪಾಗುತ್ತದೆ. ಕಪ್ಪಾದ ಮೇಲೆಯೇ ಮಿಶ್ರಣ ಹಾಕಬೇಕು. ಈ ಬಗೆಯ ಮಿಶ್ರಣಕ್ಕೆ ಪ್ರೈಮರ್, ಅಂದರೆ ಇಂಥ ಅಂಟು ಲೇಪ, ಅನಗತ್ಯ ಎಂದು ಚೀಲದ ಮೇಲೆ ಬರೆದಿತ್ತು. ಪರೀಕ್ಷೆಗೆಂದು ಒಂದು ಮೀಟರನ್ನು ಬಳಿಯದೆ ಹಾಗೆಯೇ ಬಿಟ್ಟೆ. ಇಂದು ಕೂದಲೆಳೆಯ ಬಿರುಕು ಕಾಣುವುದು ಆ ಒಂದು ಮೀಟರಿನಲ್ಲಿ ಮಾತ್ರ. ಬಿರುಕಿನಿಂದ ನೀರು ಇಳಿದರೆ ಕೆಳಗಿನ ಹಾಸು ಸಡಿಲವಾಗುತ್ತದೆ, ಆದ್ದರಿಂದ ಅದನ್ನು ಈಗಾಗಲೇ ಬಿಟುಮೆನ್ ಫಿಲ್ಲರ್‌ನಿಂದ ಮುಚ್ಚಿದ್ದೇನೆ.

ಹರಡುವ ಕೆಲಸ ನಿಜಕ್ಕೂ ಸುಲಭವಾಗಿತ್ತು, ಇದಕ್ಕೆ ಈ ಉತ್ಪನ್ನವನ್ನು ಮನಸಾರೆ ಮೆಚ್ಚುತ್ತೇನೆ. ಅವಸರವಿಲ್ಲ, ಒಂದು ಕಡೆ ತಪ್ಪಿದರೆ ಕೆದಕಿ ಮತ್ತೆ ಸಮ ಮಾಡಬಹುದು. ದಮ್ಮಸು ಮಾಡಿದಾಗ ಮಿಶ್ರಣ ಕೆಳಗೆ ಕುಳಿತುಕೊಳ್ಳುತ್ತದೆ ಎಂಬ ಅಂದಾಜಿನಿಂದ ಕಾಲು ಭಾಗ ಹೆಚ್ಚು ಎತ್ತರಕ್ಕೆ ಹರಡಿ, ಕಾಂಪ್ಯಾಕ್ಟರಿನ ತಳಕ್ಕೆ ಅಂಟದಂತೆ ನೀರು ಹಚ್ಚುತ್ತಾ ಅಂಚಿನಿಂದ ಶುರುಮಾಡಿ ಓಡಿಸಿದೆ. ಸಲಿಕೆಗೆ ಡೀಸೆಲ್ ಸವರುವ ಅಭ್ಯಾಸ ಹಲವರಿಗಿದೆ, ಆದರೆ ಡೀಸೆಲ್ ಬಿಟುಮೆನ್ ಅನ್ನೇ ಕರಗಿಸುತ್ತದೆ. ಅಡುಗೆ ಎಣ್ಣೆಯಿಂದ ಒರೆಸಿದರೂ ಸಲಿಕೆ ಚೆನ್ನಾಗಿ ಶುಚಿಯಾಗುತ್ತದೆ. ಹೊರ ಅಂಚನ್ನು ನೇರವಾಗಿ ನಿಲ್ಲಿಸದೆ 45 ಡಿಗ್ರಿ ಓರೆಯಾಗಿ ತಟ್ಟಿ, ಅದಕ್ಕೆ ಒತ್ತಿ ಮಣ್ಣು ಕೊಟ್ಟೆ. ಕೊನೆಗೆ ಒಣ ಮರಳನ್ನು ತೆಳುವಾಗಿ ಎರಚಿದ್ದರಿಂದ ಚಪ್ಪಲಿಗೆ ಅಂಟಿ ಮನೆಯೊಳಗೆ ಬರುವುದು ತಪ್ಪಿತು. ವಾಸನೆ ಮಾತ್ರ ಹಲವು ದಿನ ಇತ್ತು, ಮಕ್ಕಳಿರುವ ಮನೆಯವರು ಇದನ್ನು ಗಮನಿಸಬೇಕು.

ಇನ್ನು ಸಾಮರ್ಥ್ಯ. "ತಕ್ಷಣ ವಾಹನ ಓಡಿಸಬಹುದು" ಎಂಬ ಚೀಲದ ಮಾತು ಸುಳ್ಳಲ್ಲ, ಆದರೆ ಓಡಿಸುವುದಕ್ಕೂ ನಿಲ್ಲಿಸುವುದಕ್ಕೂ ವ್ಯತ್ಯಾಸವಿದೆ. ಎರಡನೆಯ ವಾರ ಬೈಕಿನ ಸೈಡ್ ಸ್ಟ್ಯಾಂಡ್ ಬಿಸಿಲಿನಲ್ಲಿ ಎರಡು ಸೆಂ.ಮೀ. ಇಳಿದುಬಿಟ್ಟಿತು. ನೇರವಾಗಿ ಚಕ್ರ ಹಾಯುವ ಏಳೂವರೆ ಮೀಟರ್ ಉದ್ದದಲ್ಲಿ ಪಟ್ಟಿ ಇಂದಿಗೂ ಸಮತಟ್ಟಾಗಿದೆ, ಮಳೆನೀರು ಎಲ್ಲಿಯೂ ನಿಲ್ಲುವುದಿಲ್ಲ. ಆದರೆ ಗೇಟಿನ ಬಳಿಯ ಒಂದೂವರೆ ಮೀಟರಿನಲ್ಲಿ, ನಿಂತ ಕಾರಿನ ಸ್ಟೀರಿಂಗ್ ತಿರುಗಿಸುವ ಜಾಗದಲ್ಲಿ, ಟೈರು ಮೇಲ್ಮೈಯನ್ನು ತಿರುಚಿ ಜಲ್ಲಿಯನ್ನು ಕಿತ್ತು ಹಾಕಿತು. ಎರಡು ಬಾರಿ ಸರಿಪಡಿಸಿದರೂ ಅದು ನಿಲ್ಲಲಿಲ್ಲ. ಬೇಗ ಗಟ್ಟಿಯಾಗಲೆಂದು ಮೇಲ್ಮೈಯನ್ನು ಮುಚ್ಚುವ ಲೇಪವಾದ ಸೀಲ್ ಕೋಟ್ ಹಚ್ಚುವ ಯೋಚನೆಯೂ ಬಂದಿತ್ತು. ಒಳಗಿನ ದ್ರಾವಕ ಹೊರಹೋಗುವ ದಾರಿಯನ್ನೇ ಅದು ಮುಚ್ಚುತ್ತದೆ ಎಂದು ಅರಿತು ಕೈಬಿಟ್ಟೆ.

ಆದ್ದರಿಂದ ಇಳಿಯಲು, ನಡೆಯಲು, ಆಗಾಗ ಒಂದು ಚಕ್ರ ಹಾಯಲು ಬೇಕಾದ ಕಿರಿದಾದ ಪಟ್ಟಿಗೆ ಈ ಕೋಲ್ಡ್ ಮಿಕ್ಸ್ ಅನ್ನು ಧೈರ್ಯವಾಗಿ ಕೊಳ್ಳಬಹುದು. ಇನ್ನೊಂದು ಕಾರನ್ನು ದಿನವಿಡೀ ನಿಲ್ಲಿಸುವಷ್ಟು ಅಗಲ ಬೇಕಿದ್ದವರು ಅಗೆತ ಮತ್ತು ಜಲ್ಲಿಯ ಕೆಲಸವನ್ನು ತಾವೇ ಮಾಡಿಕೊಂಡು, ಮೇಲ್ಪದರಕ್ಕೆ ಹಾಟ್ ಮಿಕ್ಸ್ ಹಾಕುವವರನ್ನು ಕರೆಯುವುದೇ ಸರಿ. ಗೇಟಿನ ಬಳಿ ನಾನು ಕೊನೆಗೆ ಹಾಗೆಯೇ ಮಾಡಿದೆ: ಪಕ್ಕದ ಮನೆಯಲ್ಲಿ ಡಾಂಬರು ಹಾಕಲು ಬಂದಿದ್ದ ತಂಡದಿಂದ ಒಂದೂವರೆ ಮೀಟರಿನ ಮೇಲಿನ 5 ಸೆಂ.ಮೀ. ಕೀಳಿಸಿ ಹಾಟ್ ಮಿಕ್ಸ್ ತುಂಬಿಸಿದೆ. ಕೆಳಗಿನ ಜಲ್ಲಿ ಹಾಸನ್ನು ಸನಿಕೆಯಿಂದ ಕುಟ್ಟಿ ನೋಡಿದ ಅವರ ಮೇಸ್ತ್ರಿ, ಅದನ್ನು ಮುಟ್ಟುವ ಅಗತ್ಯವೇ ಇಲ್ಲ ಎಂದರು.