ವಯಾಟ್ ಅರ್ಪ್ ಬಗ್ಗೆ ನಾಲ್ಕು ಪುಸ್ತಕ: ದುಡ್ಡು ಯಾವುದಕ್ಕೆ ಹಾಕಬೇಕು?

ಕೇಸಿ ಟೆಫರ್‌ಟಿಲ್ಲರ್ ಬರೆದ ‘ವಯಾಟ್ ಅರ್ಪ್: ದಿ ಲೈಫ್ ಬಿಹೈಂಡ್ ದಿ ಲೆಜೆಂಡ್’ ತಗೊಳ್ಳಿ. 1997ರ ಪುಸ್ತಕ. ಅವಸರದಲ್ಲಿ ಇರುವವರು ಇಲ್ಲಿಗೇ ನಿಲ್ಲಿಸಬಹುದು. ಪುರುಸೊತ್ತಿದ್ದರೆ ಉಳಿದ ಮೂರರ ಕಥೆಯನ್ನೂ ಕೇಳಿ. ಅದರಲ್ಲಿ ಒಂದರ ಮೇಲೆ ನನಗೆ ಸಿಟ್ಟು ಇನ್ನೂ ಇಳಿದಿಲ್ಲ.

ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. 1881ರ ಅಕ್ಟೋಬರ್ 26, ಅಮೆರಿಕದ ಅರಿಜೋನಾದ ಟೂಮ್‌ಸ್ಟೋನ್, ಬೆಳ್ಳಿ ಗಣಿಯ ಊರು. ಒಂದು ಕಡೆ ಊರಿನ ಪೊಲೀಸ್ ಮುಖ್ಯಸ್ಥ ವರ್ಜಿಲ್, ಜೊತೆಗೆ ವಯಾಟ್, ಮಾರ್ಗನ್ ಅನ್ನೋ ಅರ್ಪ್ ಅಣ್ಣತಮ್ಮಂದಿರು, ಜೊತೆಗೆ ಕ್ಷಯ ಹಿಡಿದಿದ್ದ ಹಲ್ಲಿನ ಡಾಕ್ಟರ್ ಹಾಲಿಡೇ. ಇನ್ನೊಂದು ಕಡೆ ದನ ಕಳ್ಳತನದ ಆರೋಪ ಹೊತ್ತ ಕ್ಲಾಂಟನ್ ಮತ್ತು ಮೆಕ್‌ಲೌರಿ ಕಡೆಯವರು. ಸುಮಾರು 30 ಸೆಕೆಂಡು, ಸುಮಾರು 30 ಗುಂಡು, 3 ಹೆಣ. ಸಿನಿಮಾಗಳು ಹೇಳುವ ಓ.ಕೆ. ಕೊರಾಲ್ ಅನ್ನೋ ಕುದುರೆ ಲಾಯದ ಒಳಗೆ ಇದು ನಡೆದೇ ಇಲ್ಲ. ಹತ್ತಿರದಲ್ಲಿ ಫೋಟೋ ಸ್ಟುಡಿಯೋ ಒಂದರ ಪಕ್ಕದ ಖಾಲಿ ಜಾಗದಲ್ಲಿ ನಡೆಯಿತು. ಶರಣಾಗಲು ಕೈ ಎತ್ತಿದವರನ್ನು ಕೊಂದರಾ, ಇಲ್ಲ ನ್ಯಾಯವಾಗಿಯೇ ಹೊಡೆದಾಡಿದರಾ ಅನ್ನೋದೇ ಜಗಳ. ಎನ್‌ಕೌಂಟರ್ ಸುದ್ದಿ ಓದಿ ಬೆಳೆದ ನಮಗೆ ಈ ಪ್ರಶ್ನೆ ಹೊಸದೇನಲ್ಲ ಬಿಡಿ.

ಸ್ಟೂವರ್ಟ್ ಲೇಕ್ ಬರೆದ ‘ವಯಾಟ್ ಅರ್ಪ್: ಫ್ರಾಂಟಿಯರ್ ಮಾರ್ಷಲ್’ ಇವುಗಳಲ್ಲೇ ಹಳೆಯದು, 1931ರದ್ದು. ಓದಿಸಿಕೊಂಡು ಹೋಗುತ್ತೆ. ಅದರಲ್ಲಿ ವಯಾಟ್ ಪುಟಗಟ್ಟಲೆ ಮಾತಾಡುತ್ತಾನೆ. ನಿಜವಾದ ವಯಾಟ್ ಮಹಾ ಮಿತಭಾಷಿ. ಆ ಮಾತುಗಳನ್ನು ತಾನೇ ಅವನ ಬಾಯಿಗೆ ಹಾಕಿದ್ದು ಅಂತ ಲೇಕ್ ಆಮೇಲೆ ಒಪ್ಪಿಕೊಂಡ. 12 ಇಂಚು ನಳಿಗೆಯ ‘ಬಂಟ್ಲೈನ್ ಸ್ಪೆಷಲ್’ ಪಿಸ್ತೂಲಿನ ಕಥೆಯನ್ನು ಜಗತ್ತಿಗೆ ಹಂಚಿದ್ದೂ ಇದೇ ಪುಸ್ತಕ. ಕೋಲ್ಟ್ ಕಂಪನಿಯ ಹಳೇ ಲೆಕ್ಕಪತ್ರದಲ್ಲಿ ಅಂಥ ಆರ್ಡರ್ ಸಿಕ್ಕಿಲ್ಲ. ಕಾದಂಬರಿ ಅಂದುಕೊಂಡು ಓದಿದರೆ ಮಜಾ ಇದೆ.

ಇನ್ನು ‘ಐ ಮ್ಯಾರೀಡ್ ವಯಾಟ್ ಅರ್ಪ್’. ವಯಾಟ್‌ನ ಹೆಂಡತಿ ಜೋಸೆಫೀನ್ ಆತ್ಮಕಥೆ ಅಂತ 1976ರಲ್ಲಿ ಬಂತು. ಸಂಗ್ರಹಿಸಿ ಸಂಪಾದಿಸಿದವನು ಗ್ಲೆನ್ ಬಾಯರ್. ಪ್ರಕಟಿಸಿದ್ದು ಅರಿಜೋನಾ ವಿಶ್ವವಿದ್ಯಾಲಯದ ಪ್ರಕಾಶನ. ವಿಶ್ವವಿದ್ಯಾಲಯದ ಹೆಸರು ನೋಡಿದ ಮೇಲೆ ಯಾರು ತಾನೇ ಅನುಮಾನ ಪಡ್ತಾರೆ, ಅಲ್ವಾ? ಸೆಕೆಂಡ್‌ಹ್ಯಾಂಡ್ ಪುಸ್ತಕ ಮಾರುವವರೊಬ್ಬರು ‘ಅಪರೂಪದ ಆತ್ಮಕಥೆ’ ಅಂತ ಬರೆದು, ಆ ಹೆಸರಿಗೇ ರೇಟು ಏರಿಸಿದ್ದರು.

ತಗಾದೆ ಏನಂದರೆ, ಜೋಸೆಫೀನ್ ಮುಪ್ಪಿನಲ್ಲಿ ವಯಾಟ್‌ನ ಕಡೆಯ ಇಬ್ಬರು ಸಂಬಂಧಿಕ ಹೆಂಗಸರ ಜೊತೆ ಕೂತು ಒಂದು ಹಸ್ತಪ್ರತಿ ಸಿದ್ಧ ಮಾಡಿದ್ದು ನಿಜ. ಆದರೆ ಟೂಮ್‌ಸ್ಟೋನ್ ಕಾಲದ ಬಗ್ಗೆ ಅದರಲ್ಲಿ ಗಟ್ಟಿಯಾಗಿ ಏನೂ ಇಲ್ಲ. ನಮಗೆಲ್ಲ ಬೇಕಿರೋದೇ ಆ ಭಾಗ! ಅದು ‘ಕ್ಲಮ್ ಹಸ್ತಪ್ರತಿ’ ಅನ್ನೋ ಇನ್ನೊಂದರಿಂದ ಬಂತು ಅಂದ ಬಾಯರ್. ತೋರಿಸಿ ಅಂದರೆ ಅವನಿಂದ ತೋರಿಸಲು ಆಗಲೇ ಇಲ್ಲ. ವರ್ಷಗಟ್ಟಲೆ ವಾದ ನಡೆದು, ಕೊನೆಗೆ ಪ್ರಕಾಶನ ಸಂಸ್ಥೆ ಪುಸ್ತಕವನ್ನು ಕೈಬಿಟ್ಟಿತು. ಅಷ್ಟರಲ್ಲಿ ಎಷ್ಟೋ ಬೇರೆ ಪುಸ್ತಕಗಳು ಇದನ್ನೇ ಆಧಾರ ಅಂತ ತೋರಿಸಿಯಾಗಿತ್ತು.

ನನ್ನ ಪ್ರತಿಯ ಮುಖಪುಟವನ್ನೇ ನೋಡಿ. ತೆಳು ಮುಸುಕು ಹೊದ್ದ ಎಳೆ ಹುಡುಗಿಯ ಫೋಟೋ. ಜೋಸೆಫೀನ್ ಅಂತೆ. ಆ ಚಿತ್ರ ‘ಕಲೋಮಾ’ ಅನ್ನೋ ಹೆಸರಲ್ಲಿ 1914ರಲ್ಲಿ ಮಾರಾಟಕ್ಕೆ ಬಂದಿದ್ದು. ಆಗ ಜೋಸೆಫೀನ್‌ಗೆ ಐವತ್ತು ದಾಟಿತ್ತು. ಒಳಗೆ ಯಾವ ಸಾಲು ಅವಳದ್ದು, ಯಾವುದು ಬಾಯರ್‌ನದ್ದು ಅಂತ ಬೇರ್ಪಡಿಸೋಕೆ ದಾರಿಯೇ ಇಲ್ಲ. ಚೆನ್ನಾಗಿರೋ ಸಾಲು ಬಂದಾಗಲೇ ಜಾಸ್ತಿ ಅನುಮಾನ. ಹಾಗೆ ಎಷ್ಟು ಅಂತ ಓದೋದು?

ಜೆಫ್ ಗಿನ್ ಬರೆದ ‘ದಿ ಲಾಸ್ಟ್ ಗನ್‌ಫೈಟ್’ (2011) ಓದಲು ಸಲೀಸು. ಊರು ಹೇಗೆ ಬೆಳೆಯಿತು, ದುಡ್ಡು ಎಲ್ಲಿಂದ ಬಂತು, ಊರೊಳಗೆ ಬಂದೂಕು ಇಟ್ಟುಕೊಂಡು ಓಡಾಡಬಾರದು ಅನ್ನೋ ಕಾನೂನು ಏನು, ಎಲ್ಲ ಬಿಡಿಸಿ ಹೇಳುತ್ತೆ. ಆದರೆ ಗುಂಡು ಹಾರುವ ಹೊತ್ತಿಗೆ ಪುಸ್ತಕ ಬಹಳ ದೂರ ಬಂದಿರುತ್ತೆ. ಈ ವಿಷಯಕ್ಕೆ ಹೊಸಬರಿಗೆ ಇದೇ ಸರಿ.

ಹಾಗಾದರೆ ಟೆಫರ್‌ಟಿಲ್ಲರ್ ಯಾಕೆ? ಮೂಲತಃ ಪತ್ರಕರ್ತ. ಟೂಮ್‌ಸ್ಟೋನ್‌ನಲ್ಲಿ ಆಗ ಎರಡು ಪತ್ರಿಕೆಗಳಿದ್ದವು. ‘ಎಪಿಟಾಫ್’ ಅರ್ಪ್‌ಗಳ ಪರ, ‘ನಗೆಟ್’ ಎದುರು ಪಾರ್ಟಿ. ಎರಡರಿಂದಲೂ ಉದ್ದುದ್ದ ಭಾಗ ಎತ್ತಿ ನಮ್ಮ ಮುಂದೆ ಇಡುತ್ತಾನೆ, ತೀರ್ಪು ಕೊಡೋಕೆ ಅವಸರ ಮಾಡಲ್ಲ. ಗುಂಡಿನ ಚಕಮಕಿಗಿಂತ ಆಮೇಲಿನ ವಿಚಾರಣೆ ನನಗೆ ಹಿಡಿಸಿತು. ಜಡ್ಜ್ ವೆಲ್ಸ್ ಸ್ಪೈಸರ್ ಮುಂದೆ ಹೆಚ್ಚೂಕಡಿಮೆ ಒಂದು ತಿಂಗಳು ನಡೆಯಿತು. ಶೆರಿಫ್ ಬೆಹನ್ ಅರ್ಪ್‌ಗಳ ವಿರುದ್ಧ ಸಾಕ್ಷಿ ಹೇಳಿದ. ವಯಾಟ್ ಮೊದಲೇ ಬರೆದು ತಂದ ಹೇಳಿಕೆ ಓದಿ ಕೂತ. ಅಲ್ಲಿನ ಕಾನೂನು ಅದಕ್ಕೆ ಬಿಡುತ್ತಿತ್ತು, ಪಾಟಿ ಸವಾಲು ತಪ್ಪಿತು. ಬುದ್ಧಿವಂತ! ಸ್ಪೈಸರ್ ಅವರನ್ನು ಬಿಟ್ಟ. ಬಿಡುವಾಗಲೂ, ವಯಾಟ್ ಮತ್ತು ಹಾಲಿಡೇಯನ್ನು ಸಹಾಯಕ್ಕೆ ಕರೆದದ್ದು ವಿವೇಕದ ಕೆಲಸವಲ್ಲ ಅಂತ ವರ್ಜಿಲ್‌ಗೆ ಚುಚ್ಚಿದ.

ಕಥೆ ಅಲ್ಲಿಗೆ ಮುಗಿಯಲ್ಲ. ಡಿಸೆಂಬರ್‌ನಲ್ಲಿ ವರ್ಜಿಲ್ ಮೇಲೆ ಗುಂಡು ಬಿದ್ದು ತೋಳಿನ ಸ್ವಾಧೀನ ಹೋಯಿತು. 1882ರ ಮಾರ್ಚ್‌ನಲ್ಲಿ ಬಿಲಿಯರ್ಡ್ಸ್ ಆಡೋ ಜಾಗದಲ್ಲಿ ಮಾರ್ಗನ್ ಗುಂಡೇಟಿಗೆ ಸತ್ತ. ಎರಡೇ ದಿನಕ್ಕೆ ಟೂಸಾನ್ ರೈಲ್ವೆ ನಿಲ್ದಾಣದ ಹತ್ತಿರ, ಆ ಕೊಲೆಯ ಶಂಕಿತ ಫ್ರಾಂಕ್ ಸ್ಟಿಲ್ವೆಲ್ ವಯಾಟ್ ಕಡೆಯವರ ಗುಂಡಿಗೆ ಹೆಣವಾದ. ಇಲ್ಲಿಂದ ಮುಂದೆ ವಯಾಟ್ ಪೊಲೀಸಾ, ಕೊಲೆಗಾರನಾ? ಈ ಭಾಗದಲ್ಲೂ ಟೆಫರ್‌ಟಿಲ್ಲರ್ ಅವನನ್ನು ತೊಳೆದು ಬೆಳ್ಳಗೆ ಮಾಡೋಕೆ ಹೋಗಿಲ್ಲ.

ಕಷ್ಟವೂ ಇದೆ. ಹೆಸರುಗಳ ಸಂತೆ. ಮಲಗಿಕೊಂಡು ಓದೋಕೆ ಭಾರ.

ನನಗೆ ಹಿಂದಿನ ಟಿಪ್ಪಣಿ ತಿರುವಿ ನೋಡುತ್ತಾ, ಪೆನ್ಸಿಲ್ ಗೀಚುತ್ತಾ ಓದುವ ಚಾಳಿ. ಹಾಗಾಗಿ ಹೊಸ ಪ್ರತಿಗೆ ದುಡ್ಡು ಹಾಕಿದ್ದು ಟೆಫರ್‌ಟಿಲ್ಲರ್‌ಗೆ ಮಾತ್ರ. ಬಸ್ಸಲ್ಲಿ ಓದುವವರು ಗಿನ್ ತಗೊಳ್ಳಿ, ಬೇಜಾರಾಗಲ್ಲ. ಲೇಕ್ ಪುಸ್ತಕ ಯಾರ ಹತ್ತಿರವಾದರೂ ಸಿಕ್ಕಿದರೆ ಕೇಳಿ ಇಸ್ಕೊಳ್ಳಿ. ಬಾಯರ್‌ನದ್ದು ಬೇಕೇ ಬೇಕು ಅನ್ನುವವರು ರದ್ದಿ ರೇಟಿಗೆ ಕೊಡ್ತೀರಾ ಅಂತ ಕೇಳಿ ನೋಡಿ.