ವಿಂಡ್ಸರ್, ಸ್ಟೋನ್‌ಹೆಂಜ್, ಬಾತ್ ಒಂದೇ ದಿನದಲ್ಲಿ: ಈ ಬಸ್ ಪ್ರವಾಸಕ್ಕೆ ಹಣ ಕಟ್ಟುವ ಮುನ್ನ ಓದಿ

ಊರಿನಿಂದ ಅಪ್ಪ ಅಮ್ಮ ಲಂಡನ್ನಿಗೆ ಬಂದರೆ ಮಕ್ಕಳು ಹುಡುಕುವುದು ಸಾಮಾನ್ಯವಾಗಿ ಇದೇ ಪ್ರವಾಸವನ್ನು. ಬೆಳಿಗ್ಗೆ ಬಸ್ ಹತ್ತಿದರೆ ಮೂರೂ ಜಾಗ ನೋಡಿಕೊಂಡು ರಾತ್ರಿ ಮನೆ. ನಾನು ಹೆತ್ತವರನ್ನು ಕರೆದುಕೊಂಡು ಹೋಗಿ ಬಂದಿದ್ದೇನೆ. ಹಣ ಹೋದದ್ದು ಹೋಯಿತು. ಮಂಡಿನೋವಿನ ಅಮ್ಮ ದಿನವಿಡೀ ಬಸ್ಸಿನಲ್ಲಿ ಕುಳಿತು ಒಂದನ್ನೂ ನೆಟ್ಟಗೆ ನೋಡದೆ ಮರಳಿದರಲ್ಲ ಎಂಬ ಸಂಕಟ ಹೋಗಿಲ್ಲ.

ನಾವು ಹೋದದ್ದು ಮಂಗಳವಾರ. ವಿಂಡ್ಸರ್ ಕೋಟೆ ಸಾಮಾನ್ಯವಾಗಿ ಮಂಗಳವಾರ ಮತ್ತು ಬುಧವಾರ ಪ್ರವಾಸಿಗರಿಗೆ ತೆರೆದಿರುವುದಿಲ್ಲ. ವರ್ಷವಿಡೀ ಅಲ್ಲಿಗೆ ಬಸ್ ಓಡಿಸುವವರಿಗೆ ಇದು ತಿಳಿಯದ್ದೇ? ತಿಳಿದೇ ಟಿಕೆಟ್ ಮಾರಿದ್ದಾರೆ. ಕೋಟೆಯೊಳಗೆ ಎರಡನೇ ಎಲಿಜಬೆತ್ ರಾಣಿಯ ಸಮಾಧಿ ಇರುವ ಸೇಂಟ್ ಜಾರ್ಜ್ ಚಾಪೆಲ್ ನೋಡಬೇಕೆಂದು ಅಪ್ಪ ಊರಿನಿಂದಲೇ ಹೇಳುತ್ತಾ ಬಂದಿದ್ದರು. ಗೈಡ್ ಕೋಟೆಯ ಗೋಡೆ ತೋರಿಸಿ, "ಇಲ್ಲೇ ಫೋಟೊ ತೆಗೆದುಕೊಳ್ಳಿ. ಊರಿಗೆ ಕರೆತರುವುದಷ್ಟೇ ನಮ್ಮ ಹೊಣೆ, ಪ್ರವೇಶ ಶುಲ್ಕ ಇದರಲ್ಲಿ ಸೇರಿಲ್ಲ" ಎಂದುಬಿಟ್ಟರು.

ಸಾವಿರಾರು ವರ್ಷ ಹಳೆಯ ಕಲ್ಲಿನ ವೃತ್ತ ಸ್ಟೋನ್‌ಹೆಂಜ್‌ಗೆ ಒಂದು ಗಂಟೆ ಕೊಟ್ಟರು. ಸಾಲದೇ ಎನ್ನಬಹುದು, ಖಂಡಿತ ಸಾಲದು. ಬಸ್ ನಿಲ್ಲುವ ಸಂದರ್ಶಕರ ಕೇಂದ್ರದಿಂದ ಕಲ್ಲುಗಳಿಗೆ ಸುಮಾರು ಎರಡೂವರೆ ಕಿಲೋಮೀಟರ್. ಅಲ್ಲಿಗೆ ಒಯ್ಯುವ ಶಟಲ್ ಬಸ್ಸಿಗೆ ಹೋಗುವಾಗಲೂ ಸಾಲು, ಬರುವಾಗಲೂ ಸಾಲು. ವೇಲ್ಸ್‌ನ ಪ್ರೆಸೆಲಿ ಬೆಟ್ಟಗಳಿಂದ 200 ಕಿಲೋಮೀಟರಿಗೂ ಹೆಚ್ಚು ದೂರ ತಂದ ಕಲ್ಲುಗಳೂ ಇರುವ ಆ ವೃತ್ತವನ್ನು ಕಣ್ತುಂಬ ನೋಡುವಷ್ಟರಲ್ಲಿ ಅಪ್ಪನ ಕೈಹಿಡಿದು ಓಡಬೇಕಾಯಿತು. ಜಾಹೀರಾತಿನಲ್ಲಿ ಕಲ್ಲುಗಳ ನಡುವೆ ನಿಂತವರ ಚಿತ್ರವಿದ್ದರೆ ನಂಬಬೇಡಿ. ಮಾಮೂಲಿ ಟಿಕೆಟ್ಟಿನವರು ದೂರದ ಹಾದಿಯಲ್ಲಿ ಸುತ್ತಿ ಬರಬೇಕು. ವೃತ್ತದೊಳಗೆ ಹೋಗಲು ಬೆಳಗಿನ ಜಾವಕ್ಕೋ ಸಂಜೆಗೋ ಬೇರೆ ಟಿಕೆಟ್ಟನ್ನು ಮೊದಲೇ ಕಾಯ್ದಿರಿಸಬೇಕು.

ಹತ್ತಿರದ ಎ303 ರಸ್ತೆಯಲ್ಲಿ ಬೇಸಿಗೆಯ ವಾಹನದಟ್ಟಣೆ ಹೆಸರುವಾಸಿ. ಅದನ್ನು ದಾಟಿ ಬಾತ್ ನಗರ ತಲುಪುವಾಗ ರೋಮನ್ ಸ್ನಾನಗೃಹದ ಒಳಗೆ ಹೋಗಿ ಬರುವಷ್ಟು ಹೊತ್ತು ಉಳಿದಿರಲಿಲ್ಲ. 46 ಡಿಗ್ರಿ ಬಿಸಿಯಲ್ಲಿ ನೀರು ತಾನಾಗಿ ಉಕ್ಕುವ ಆ ಕೊಳವನ್ನು ನೋಡಲೆಂದೇ ಅಮ್ಮ ನೋವು ನುಂಗಿಕೊಂಡು ಕುಳಿತಿದ್ದರು. ಪಕ್ಕದ ಬಾತ್ ಅಬಿ ಚರ್ಚಿನ ಮುಂದಿನ ಬೆಂಚಿನಲ್ಲಿ ಕುಳಿತು ಮಂಡಿ ನೀವಿಕೊಳ್ಳುತ್ತಾ, "ಈ ಗೋಡೆಯ ಆಚೆಗೇನಾ ಬಿಸಿನೀರು?" ಎಂದು ಕೇಳಿದರು. ಹೌದೆಂದೆ. ಇನ್ನೊಮ್ಮೆ ಬಂದಾಗ ನೋಡಬಹುದು ಎಂದರು ಗೈಡ್. "ಈ ವಯಸ್ಸಿನಲ್ಲಿ ಇನ್ನೊಮ್ಮೆ ಎಲ್ಲಿ ಬರುತ್ತೇವಮ್ಮಾ" ಎಂದು ಅಮ್ಮ ನನ್ನ ಮುಖ ನೋಡಿದರು.

ದೂರು ಬರೆದೆ. ಮೂರೂ ಊರುಗಳಿಗೆ ಕರೆದೊಯ್ದಿದ್ದೇವೆ, ಹಣ ಮರಳಿಸಲಾಗದು ಎಂದು ಉತ್ತರ ಬಂತು. ಆದ್ದರಿಂದ ಪ್ರತಿ ಜಾಗದಲ್ಲೂ ಒಳಗಿನ ಪ್ರವೇಶ ಸೇರಿದೆಯೇ, ಆ ದಿನ ತೆರೆದಿರುತ್ತದೆಯೇ, ಎಷ್ಟು ಹೊತ್ತು ಬಿಡುತ್ತಾರೆ ಎಂಬುದನ್ನು ಹಣ ಕಟ್ಟುವ ಮೊದಲು ಇ-ಮೇಲಿನಲ್ಲಿ ಕೇಳಿ. ಫೋನಿನಲ್ಲಿ ಹೇಳಿದ್ದು ಆಮೇಲೆ ಯಾರ ನೆನಪಿನಲ್ಲೂ ಇರುವುದಿಲ್ಲ.

ವಯಸ್ಸಾದವರಿದ್ದರೆ ಈ ಬಸ್ಸುಗಳ ಸಹವಾಸವೇ ಬೇಡ, ರೈಲು ಹಿಡಿಯಿರಿ. ಲಂಡನ್ನಿನ ವಾಟರ್‌ಲೂ ನಿಲ್ದಾಣದಿಂದ ಸಾಲ್ಸ್‌ಬರಿಗೆ ಸುಮಾರು ಒಂದೂವರೆ ಗಂಟೆ. ಅಲ್ಲಿಂದ ಸ್ಟೋನ್‌ಹೆಂಜ್‌ಗೆ ಪ್ರವಾಸಿ ಬಸ್ ಇದೆ. ಮರಳುವಾಗ ಸಾಲ್ಸ್‌ಬರಿಯ ಕೆಥೆಡ್ರಲ್‌ನಲ್ಲಿ ರಾಜನ ಅಧಿಕಾರಕ್ಕೆ ಮಿತಿ ಹಾಕಿದ 1215ರ ಸನ್ನದು ಮ್ಯಾಗ್ನಾ ಕಾರ್ಟಾದ ಉಳಿದಿರುವ ನಾಲ್ಕು ಮೂಲ ಪ್ರತಿಗಳಲ್ಲಿ ಒಂದನ್ನು ನೋಡಬಹುದು. ಬಾತ್‌ಗೆ ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣದಿಂದ ನೇರ ರೈಲುಗಳಿವೆ. ಅದಕ್ಕೆ ಒಂದು ಇಡೀ ದಿನ ಇಟ್ಟುಕೊಳ್ಳಿ, ಸ್ನಾನಗೃಹದ ಟಿಕೆಟ್ ಮುಂಚೆಯೇ ತೆಗೆದಿಡಿ.