ಪುಟವೋ, ಸ್ಕ್ರಾಲೋ: ಒಂದೇ ಕಂತನ್ನು ಎರಡು ಸಲ ಬಿಡಿಸಿ ನೋಡಿದೆ

ನನ್ನ ವೆಬ್‌ಕಾಮಿಕ್‌ನ ನಾಯಕಿ ಹೆಸರು ಮಾರ್ದನಿ. ವಿಜಯಪುರದಲ್ಲಿ ಟಾಂಗಾ ಹೊಡೆಯುವವರ ಮಗಳು. ಒಂದು ರಾತ್ರಿ ಗೋಳಗುಮ್ಮಟದ ಮೇಲೆ, ಪಿಸುಮಾತಿನ ಗ್ಯಾಲರಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಾಳೆ. ಬೆಳಗಾಗುವಷ್ಟರಲ್ಲಿ ಅವಳಿಗೆ ಹೊಸದೊಂದು ಕಿವಿ ಬಂದಿರುತ್ತದೆ. ಯಾವ ಗೋಡೆ ಮುಟ್ಟಿದರೂ ಅಲ್ಲಿ ಹಿಂದೆ ಯಾರೋ ಆಡಿದ ಮಾತು ಕೇಳಿಸುತ್ತದೆ.

ಕಥೆ ತಲೆಯಲ್ಲಿ ಎರಡು ವರ್ಷದಿಂದ ಇತ್ತು. ಬಿಡಿಸೋಕೆ ಕೂತಾಗಲೇ ಪ್ರಶ್ನೆ ಎದ್ದಿತು. ಪುಸ್ತಕದ ಹಾಗೆ ಪುಟ ಪುಟವಾಗಿ ಮಾಡಲೋ, ಫೋನಿನಲ್ಲಿ ಬೆರಳಿನಿಂದ ಸರಿಸುತ್ತಾ ಓದುವ ಉದ್ದನೆಯ ಸ್ಕ್ರಾಲ್ ಮಾಡಲೋ? ಕೇಳಿದವರೆಲ್ಲ ಒಂದೊಂದು ಹೇಳಿದರು. ಕೊನೆಗೆ ಮೊದಲ ಕಂತನ್ನು ಎರಡು ರೀತಿಯಲ್ಲೂ ಪೂರ್ತಿ ಮಾಡಿದೆ. ಪುಟದ ರೂಪದಲ್ಲಿ 12 ಪುಟ ಆಯಿತು, ಐದು ವಾರ ಹಿಡಿಯಿತು. ಸ್ಕ್ರಾಲ್‌ನಲ್ಲಿ 52 ಚೌಕಟ್ಟು, ಮೂರೂವರೆ ವಾರ. ಕಥೆ ಗೊತ್ತಿದ್ದದ್ದರಿಂದ ಎರಡನೆಯದು ಬೇಗ ಮುಗಿಯಿತು, ಹಾಗಾಗಿ ಬರೀ ಸಮಯ ನೋಡಿ ಯಾವುದನ್ನೂ ಆರಿಸಬೇಡಿ.

ಮೊದಲು ಮೆಟ್ಟಿಲಿನ ದೃಶ್ಯ. ಗುಮ್ಮಟದ ನಾಲ್ಕು ಮೂಲೆಗೂ ಏಳು ಅಂತಸ್ತಿನ ಮಿನಾರುಗಳಿವೆ ಅಲ್ವಾ, ಅದರೊಳಗಿನ ಇಕ್ಕಟ್ಟು ಮೆಟ್ಟಿಲು ಹತ್ತಿಯೇ ಮೇಲೆ ಹೋಗಬೇಕು. ಪುಟದಲ್ಲಿ ಇದನ್ನು ಏಳು ಸಣ್ಣ ಚೌಕಟ್ಟು ಮಾಡಿದೆ. ಚೆನ್ನಾಗಿಯೇ ಬಂತು, ಆದರೆ ದಣಿವು ಬರಲಿಲ್ಲ. ಕಣ್ಣು ಒಂದೇ ಸಲ ಏಳನ್ನೂ ನೋಡಿ ಮುಂದೆ ಹೋಗಿಬಿಡುತ್ತದೆ. ಸ್ಕ್ರಾಲ್‌ನಲ್ಲಿ ಬೇರೆ ತೊಂದರೆ. ಅವಳು ಮೇಲೆ ಹತ್ತುತ್ತಾಳೆ, ಓದುವವರ ಕಣ್ಣು ಕೆಳಗೆ ಇಳಿಯುತ್ತದೆ. ಎರಡು ದಿನ ಇದಕ್ಕೇ ತಲೆ ಕೆಡಿಸಿಕೊಂಡೆ. ಆಮೇಲೆ ದೃಶ್ಯವನ್ನೇ ತಿರುಗಿಸಿದೆ: ಅವಳು ಆಗಲೇ ಮೇಲಿದ್ದಾಳೆ, ಕೆಳಗೆ ಬಾಗಿಲು ಮುಚ್ಚಿದ ಸದ್ದು ಕೇಳಿ ಕತ್ತಲಲ್ಲಿ ಓಡುತ್ತಾ ಇಳಿಯುತ್ತಾಳೆ. ಈಗ ಬೆರಳೂ ಅವಳ ಜೊತೆಗೇ ಇಳಿಯುತ್ತದೆ. ಏಳು ಅಂತಸ್ತು, ಏಳು ಕಿಟಕಿ, ಒಂದೊಂದರಲ್ಲೂ ಬೆಳಕು ಕಡಿಮೆ. ಈ ದೃಶ್ಯ ನನಗೆ ಪುಟದಲ್ಲಿ ಎಂದೂ ಹೊಳೆಯುತ್ತಿರಲಿಲ್ಲ.

ಮರುದನಿಯ ವಿಷಯದಲ್ಲಂತೂ ಸ್ಕ್ರಾಲ್ ಗೆದ್ದಿತು. ಗುಮ್ಮಟದಲ್ಲಿ ಒಮ್ಮೆ ಕೂಗಿದರೆ ಅದೇ ಮಾತು ಮತ್ತೆ ಮತ್ತೆ ಬರುತ್ತದೆ, ಪ್ರತಿಸಲ ಸ್ವಲ್ಪ ಸಣ್ಣದಾಗಿ. ಅವಳು "ಅಪ್ಪಾ" ಅಂತ ಕೂಗುವ ಜಾಗದಲ್ಲಿ ಪುಟದಲ್ಲಿ ಏಳು "ಅಪ್ಪಾ"ಗಳನ್ನು ಸುತ್ತಲೂ ಬರೆದಿದ್ದೆ. ಎಲ್ಲವೂ ಒಟ್ಟಿಗೆ ಕಂಡವು. ಗದ್ದಲ ಆಯಿತೇ ಹೊರತು ಮರುದನಿ ಆಗಲಿಲ್ಲ. ಸ್ಕ್ರಾಲ್‌ನಲ್ಲಿ ಕಪ್ಪು ಖಾಲಿ ಜಾಗ ಬಿಡುತ್ತಾ ಬಂದೆ. ಒಂದು "ಅಪ್ಪಾ", ಕತ್ತಲು, ಇನ್ನೂ ಸಣ್ಣ "ಅಪ್ಪಾ", ಇನ್ನೂ ಜಾಸ್ತಿ ಕತ್ತಲು. ಆರನೆಯದು ಮುಗಿದು ಸುಮ್ಮನಾಯಿತು ಅನ್ನುವಾಗ ಏಳನೆಯದು ಬೇರೆ ಯಾರದೋ ದನಿಯಲ್ಲಿ, ಬೇರೆ ಅಕ್ಷರದಲ್ಲಿ ಬರುತ್ತದೆ. ಚಿಕ್ಕಮ್ಮನ ಮಗಳಿಗೆ ತೋರಿಸಿದೆ. ಆ ಜಾಗದಲ್ಲಿ ಅವಳ ಬೆರಳು ನಿಂತುಬಿಟ್ಟಿತು.

ಆದರೆ ಪುಟ ಎಲ್ಲ ಕಡೆಯೂ ಸೋತಿತು ಅಂತಲ್ಲ. ಗ್ಯಾಲರಿಯಲ್ಲಿ ಈ ಬದಿಗೆ ಅವಳು, ಆ ಬದಿಗೆ ಕಳ್ಳ. ನಡುವೆ ಸುಮಾರು 38 ಮೀಟರ್ ಖಾಲಿ. ಚಿಕ್ಕಂದಿನಲ್ಲಿ ನಮ್ಮನ್ನು ಅಲ್ಲಿ ನಿಲ್ಲಿಸಿ ಆಚೆ ಬದಿಯಿಂದ ಕಾಗದ ಹರಿದು ಕೇಳಿಸುತ್ತಿದ್ದರು. ಪಕ್ಕದಲ್ಲೇ ಹರಿದ ಹಾಗೆ ಇರುತ್ತಿತ್ತು. ಆ ಅಗಲವನ್ನು ಎರಡು ಪುಟಕ್ಕೂ ಹರಡಿ ಬಿಡಿಸಿದಾಗ ನನಗೇ ಮೈ ಜುಮ್ಮೆಂದಿತು. ಸ್ಕ್ರಾಲ್‌ನಲ್ಲಿ ಅದು ಆಗುವುದಿಲ್ಲ. ಸ್ಕ್ರಾಲ್ ಕಾಮಿಕ್ಸ್ ಓದುವ ಆ್ಯಪ್ ವೆಬ್‌ಟೂನ್‌ನಲ್ಲಿ, ಯಾರು ಬೇಕಾದರೂ ತಮ್ಮದನ್ನು ಹಾಕಬಹುದಾದ ಕ್ಯಾನ್ವಾಸ್ ವಿಭಾಗದಲ್ಲಿ ಚಿತ್ರದ ಅಗಲ 800 ಪಿಕ್ಸೆಲ್, ಒಂದು ತುಂಡಿನ ಎತ್ತರ 1280ರವರೆಗೆ. ಆ ಅಗಲದಲ್ಲಿ ಇಬ್ಬರೂ ಇರುವೆಗಳಾದರು. ಅಗಲ ಬಿಟ್ಟು, ಗೋಡೆಯ ಬಳುಕಿನ ಜೊತೆ ಪಿಸುಮಾತು ಕೆಳಗೆ ಹರಿದು ಕಳ್ಳನ ಕಿವಿ ಮುಟ್ಟುವ ಹಾಗೆ ಮಾಡಿದೆ. ಕೆಲಸ ನಡೆಯಿತು. ಆದರೂ ಆ ಜೋಡಿ ಪುಟದ ದೊಡ್ಡತನ ಅದರಲ್ಲಿಲ್ಲ.

ಅಕ್ಷರದ ಕೆಲಸಕ್ಕೆ ಇಷ್ಟು ಸಮಯ ಹೋಗುತ್ತದೆ ಅಂದುಕೊಂಡಿರಲಿಲ್ಲ. ಇಂಗ್ಲಿಷ್ ಕಾಮಿಕ್ಸ್‌ನಲ್ಲಿ ಎಲ್ಲ ದೊಡ್ಡಕ್ಷರ, ಸಾಲಿಗೆ ಸಾಲು ಅಂಟಿಕೊಂಡು ಕೂರುತ್ತವೆ. ನಮ್ಮಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. "ಸ್ತ್ರೀ" ಅಂತ ಬರೆದು ಕೆಳಗೆ "ಕಿ" ಬಂದರೆ ಎರಡೂ ಡಿಕ್ಕಿ ಹೊಡೆಯುತ್ತವೆ. ಸಾಲಿನ ನಡುವೆ ಜಾಗ ಬಿಡಲೇಬೇಕು. ಪುಟವನ್ನು ಫೋನಿನಲ್ಲಿ ನೋಡಿದರೆ ಒತ್ತಕ್ಷರ ಬರೀ ಚುಕ್ಕೆ. ಸ್ಕ್ರಾಲ್‌ನಲ್ಲಿ 30 ಪಿಕ್ಸೆಲ್‌ಗಿಂತ ಸಣ್ಣ ಅಕ್ಷರ ಹಾಕುವುದಿಲ್ಲ ಅಂತ ನಿಯಮ ಮಾಡಿಕೊಂಡೆ.

ಇನ್ನೊಂದು, ನಮ್ಮ ಪದಗಳು ಉದ್ದ. "ಹೋಗುತ್ತಿದ್ದೇನೆ" ಅನ್ನುವ ಒಂದೇ ಪದ ಮಾತಿನ ಗುಳ್ಳೆಯನ್ನು ತುಂಬಿಬಿಡುತ್ತದೆ. ಮೊದಲ ಸಲ ಎಲ್ಲ ಮಾತನ್ನೂ ಪುಸ್ತಕದ ಕನ್ನಡದಲ್ಲಿ ಬರೆದಿದ್ದೆ. ಎರಡನೇ ಸಲ ನಮ್ಮೂರಿನ ಮಾತಿಗೆ ಬಂದೆ. "ಹೋಗುತ್ತಿದ್ದೇನೆ" ಹೋಗಿ "ಹೊಂಟೀನಿ" ಆಯಿತು. ಗುಳ್ಳೆ ಅರ್ಧಕ್ಕೆ ಇಳಿಯಿತು, ಮುಖ ಕಾಣಿಸಿತು. ಟಾಂಗಾದವರ ಮಗಳು ಟಾಂಗಾದವರ ಮಗಳ ಹಾಗೆ ಮಾತಾಡಿದಳು. ಇದನ್ನು ನಾನು ಇನ್ನು ಬದಲಿಸುವುದಿಲ್ಲ.

ಫಾಂಟೋ, ಕೈಬರಹವೋ? ಎರಡೂ ಬೇಕು. ಮಾತಿಗೆ "ಬಲೂ ತಮ್ಮ" ಅನ್ನುವ ಕನ್ನಡ ಫಾಂಟ್, ಇಂಕ್‌ಸ್ಕೇಪ್ ಅನ್ನುವ ಚಿತ್ರದ ತಂತ್ರಾಂಶದಲ್ಲಿ ಹಾಕುತ್ತೇನೆ. ದುಂಡಗಿದೆ, ದಪ್ಪ ಇದೆ, ಸಣ್ಣ ಪರದೆಯಲ್ಲೂ ಓದಬಹುದು. "ಧಡ್", "ಢಮಾರ್" ತರಹದ ಸದ್ದುಗಳನ್ನು ಮಾತ್ರ ಕೈಯಲ್ಲೇ ಬರೆಯುತ್ತೇನೆ. ಸದ್ದೇ ಶಕ್ತಿಯಾಗಿರುವ ಕಥೆಯಲ್ಲಿ ಎಲ್ಲ "ಢ"ಗಳೂ ಒಂದೇ ಥರ ಇದ್ದರೆ ಹೇಗೆ?

ಕಾಗದ ಮತ್ತು ಟ್ಯಾಬ್ಲೆಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. 12 ಪುಟವನ್ನು ತೆಳು ನೀಲಿ ಪೆನ್ಸಿಲ್‌ನಲ್ಲಿ ಬಿಡಿಸಿ, ಮೇಲೆ ಕಪ್ಪು ಇಂಕ್ ಹಾಕಿದೆ. ಸ್ಕ್ಯಾನ್ ಮಾಡಿದ ಮೇಲೆ ನೀಲಿಯನ್ನು ಕಂಪ್ಯೂಟರಿನಲ್ಲಿ ತೆಗೆದರೆ ಬರೀ ಇಂಕ್ ಉಳಿಯುತ್ತದೆ, ರಬ್ಬರ್ ಉಜ್ಜುವ ಕೆಲಸ ಇಲ್ಲ. ಗೆರೆಯಲ್ಲಿ ಜೀವ ಇರುತ್ತದೆ. ಆದರೆ ಏಪ್ರಿಲ್ ಬಿಸಿಲಲ್ಲಿ ಅಂಗೈ ಬೆವರಿ ಎರಡು ಪುಟ ಹಾಳಾದವು. ಒಂದು ಝೆರಾಕ್ಸ್ ಅಂಗಡಿಯಲ್ಲಿ 600 ಡಿಪಿಐ (ಇಂಚಿಗೆ ಅಷ್ಟು ಚುಕ್ಕೆ) ಸ್ಕ್ಯಾನ್ ಕೇಳಿದ್ದೆ, 150ರಲ್ಲಿ ಮಾಡಿ ಕೊಟ್ಟರು. ಮನೆಗೆ ಬಂದ ಮೇಲೆ ಗೊತ್ತಾಯಿತು. ಸ್ಕ್ರಾಲ್ ಅನ್ನು ಕ್ರಿಟಾ ಅನ್ನುವ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಮಾಡಿದೆ. ಅದು ಉಚಿತ, ಕೈ ನಡುಗಿದರೂ ಗೆರೆ ನಯವಾಗಿ ಬರುವ ಸೌಲಭ್ಯ ಇದೆ. 1600 ಪಿಕ್ಸೆಲ್ ಅಗಲದಲ್ಲಿ ಬಿಡಿಸಿ ಕೊನೆಗೆ ಅರ್ಧಕ್ಕೆ ಇಳಿಸುತ್ತೇನೆ. ಕಂತು ಕಂತಾಗಿ ಹಾಕುವವರಿಗೆ ಟ್ಯಾಬ್ಲೆಟ್ಟೇ ಸರಿ.

ಸ್ಕ್ರಿಪ್ಟ್‌ನಲ್ಲೂ ಎರಡು ದಾರಿ ನೋಡಿದೆ. ಪುಟಕ್ಕೆ ಎಲ್ಲ ಮಾತನ್ನೂ ಮೊದಲೇ ಬರೆದಿದ್ದೆ. ಸ್ಕ್ರಾಲ್‌ಗೆ ಹತ್ತು ಸಾಲಿನ ಕಥೆ ಇಟ್ಟುಕೊಂಡು ಮೊದಲು ಬಿಡಿಸಿ, ಆಮೇಲೆ ಮಾತು ಹಾಕಿದೆ. 1960ರ ದಶಕದಲ್ಲಿ ಅಮೆರಿಕದ ಮಾರ್ವೆಲ್ ಕಾಮಿಕ್ಸ್‌ನ ಲೇಖಕ ಸ್ಟ್ಯಾನ್ ಲೀ ತಮ್ಮ ಕಲಾವಿದರ ಜೊತೆ ಹೀಗೇ ಕೆಲಸ ಮಾಡುತ್ತಿದ್ದರು. ತನ್ನ ಶಕ್ತಿಯ ಬಗ್ಗೆ ಮಾರ್ದನಿ ಆರು ಗುಳ್ಳೆಯಲ್ಲಿ ಹೇಳಿದ್ದನ್ನು ಚಿತ್ರವೇ ಹೇಳಿತ್ತು. ಆರನ್ನೂ ತೆಗೆದೆ.

ಅಂತೂ ಮುಂದಿನ ಕಂತುಗಳು ಸ್ಕ್ರಾಲ್‌ನಲ್ಲೇ. ನಿಮ್ಮ ಆಸೆ ಕೈಯಲ್ಲಿ ಹಿಡಿಯುವ ಪುಸ್ತಕ ಆಗಿದ್ದರೆ ಮಾತ್ರ ಪುಟದಿಂದಲೇ ಶುರು ಮಾಡಿ. ಸ್ಕ್ರಾಲ್ ಕತ್ತರಿಸಿ ಪುಟ ಮಾಡುವುದು ಹೊಸದಾಗಿ ಬಿಡಿಸಿದಷ್ಟೇ ಕೆಲಸ. ನಮ್ಮೂರಿನ ಅರ್ಧಕ್ಕೇ ನಿಂತ ಗೋರಿ ಬಾರಾ ಕಮಾನಿನ ಕಂತು ಬಂದಾಗ ಆ ಅಗಲವಾದ ಕಮಾನುಗಳನ್ನು ಏನು ಮಾಡುತ್ತೇನೋ, ಇನ್ನೂ ಯೋಚಿಸುತ್ತಿದ್ದೇನೆ.

ಎರಡನ್ನೂ ಟಾಂಗಾ ಸ್ಟ್ಯಾಂಡಿನ ಚಾಚಾ ಒಬ್ಬರಿಗೆ ತೋರಿಸಿದೆ. ಪುಟದ್ದನ್ನು ನೋಡಿ, "ಅಕ್ಷರಾ ಕಾಣವಲ್ವು ತಮ್ಮಾ" ಅಂತ ಫೋನ್ ವಾಪಸ್ ಕೊಟ್ಟರು. ಸ್ಕ್ರಾಲ್ ಕೊಟ್ಟೆ. ಹೆಬ್ಬೆರಳಿನಲ್ಲಿ ನಿಧಾನಕ್ಕೆ ಸರಿಸುತ್ತಾ ಕೊನೆವರೆಗೂ ಹೋದರು. ಆಮೇಲೆ ಮತ್ತೆ ಮೇಲೆ ಬಂದು ಒಂದು ಕಡೆ ನಿಲ್ಲಿಸಿದರು. "ಕಥಿ ಚಲೋ ಐತಿ. ಆದ್ರ ಕುದುರಿ ಓಡೂ ಮುಂದ ಕಾಲ ಹಿಂಗ ಇಡಂಗಿಲ್ಲ ನೋಡು." ನಾಳೆ ಬೆಳಿಗ್ಗೆ ಆರಕ್ಕೆ ಬಾ, ತೋರಿಸುತ್ತೇನೆ ಅಂದಿದ್ದಾರೆ. ಸ್ಕೆಚ್‌ಬುಕ್, ಎರಡು ಪೆನ್ಸಿಲ್ ಚೀಲಕ್ಕೆ ಹಾಕಿಟ್ಟಿದ್ದೇನೆ.